ಬಲಗಡೆ ಕುರ್ಚಿಯ ರೆಫರಿ

ತಿರುಮಲೇಶ್ವರ ಮೇಷ್ಟ್ರಿಗೆ ಎಂಥ ಉದ್ದದ ಕೂಡುವ ಲೆಕ್ಕವಾದರೂ ನೀರು ಕುಡಿದಷ್ಟು ಸಲೀಸು. ಆದರೆ ‘ಆಗೋದಿಲ್ಲ’ ಅನ್ನುವ ನಾಲ್ಕಕ್ಷರದ ಮಾತು ಮಾತ್ರ ಹುಟ್ಟಿದಾಗಿನಿಂದ ಅವರ ಬಾಯಿಗೆ ಬಂದದ್ದಿಲ್ಲ. ಆ ಭಾನುವಾರದ ಫಜೀತಿಗೆಲ್ಲ ಇದೇ ಮೂಲ.

ಶನಿವಾರ ಸಂಜೆ ನಾಪೋಕ್ಲು ಪೇಟೆಯಲ್ಲಿ ಅವರು ತೊಂಡೆಕಾಯಿ ಆರಿಸುತ್ತಿದ್ದಾಗ ಲೋಹಿತ್ ಎದುರಾದ. ಹಿಂದೆ ಇವರ ಹೈಸ್ಕೂಲಿನಲ್ಲೇ ಓದಿ, ಗಣಿತದಲ್ಲಿ ಎರಡು ಸಲ ನಪಾಸಾಗಿ, ಈಗ ಗೊಬ್ಬರದಂಗಡಿಯ ಮಹಡಿಯಲ್ಲಿ ಜಿಮ್ ನಡೆಸುತ್ತಿದ್ದವನು.

“ಸರ್, ನಾಳೆ ಸಮುದಾಯ ಭವನದಲ್ಲಿ ಜಿಲ್ಲಾ ಮಟ್ಟದ ಪವರ್‌ಲಿಫ್ಟಿಂಗ್ ಇಟ್ಕೊಂಡಿದ್ದೀವಿ. ಯಾರ್ಯಾರು ಎಷ್ಟೆಷ್ಟು ಕೆಜಿ ಎತ್ತಿದ್ರು ಅಂತ ಕೂಡಿ ಬರೆಯೋಕೆ ಒಬ್ರು ಬೇಕು. ನೀವು ಮೂಲೇಲಿ ಮೇಜಿನ ಹತ್ರ ಕೂತ್ರೆ ಸಾಕು. ಫ್ಯಾನ್ ಇದೆ. ಹನ್ನೊಂದು ಗಂಟೆಗೆ ಕಾಫಿ, ಬೋಂಡ.”

ಮೇಷ್ಟ್ರ ತೂಕ ಐವತ್ತೊಂದು ಕೆಜಿ. ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ಹೆಂಡತಿ ನರ್ಮದಾ ಒಂದು ಕಡೆ, ಮಗಳು ಹಂಸಿನಿ ಒಂದು ಕಡೆ ಹಿಡಿಯುತ್ತಿದ್ದರು. ‘ಮೆಲ್ಲಗೆ, ಮೆಲ್ಲಗೆ’ ಅನ್ನುವುದಷ್ಟೇ ಇವರ ಪಾಲಿನ ಕೆಲಸ. ಭಾರ ಎತ್ತುವವರ ಹತ್ತಿರ ಸುಳಿಯುವುದೆಂದರೇ ಅವರಿಗೆ ಅಳುಕು. ಆದರೂ ಬಾಯಿಂದ ಹೊರಟದ್ದು “ಆಯ್ತು ಕಣಪ್ಪ” ಅಂತಲೇ.

ಮನೆಗೆ ಬಂದು ಹೇಳಿದಾಗ ನರ್ಮದಾ ತೊಂಡೆಕಾಯಿ ಚೀಲವನ್ನು ಹಾಗೇ ಕೈಯಲ್ಲಿ ಹಿಡಿದು ನಿಂತಳು.

“ಅಲ್ಲಿಗೆ ಸೋಮಯ್ಯನವರೂ ಎತ್ತೋಕೆ ಬರ್ತಾರೆ ಅನ್ನೋದು ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಮೇಷ್ಟ್ರು ಹೋಗಿ ಮೆಟ್ಟಿಲ ಕಡೆಯ ಬಾಗಿಲು ಮುಚ್ಚಿ ಬಂದರು.

ಸೋಮಯ್ಯನವರು ಅವರ ಮನೆ ಮಾಲೀಕರು. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಕೆಳಗಿನ ಮನೆಯಲ್ಲಿ ಅವರು, ಮೇಲಿನ ಮನೆಯಲ್ಲಿ ಬಾಡಿಗೆಗೆ ಮೇಷ್ಟ್ರ ಸಂಸಾರ. ಮೇಷ್ಟ್ರಿಗಿಂತ ಮೊದಲು ಅಲ್ಲಿದ್ದವರೊಬ್ಬರು ಸ್ಕೂಟರನ್ನು ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದರಂತೆ. ಎರಡು ಸಲ ಹೇಳಿ ನೋಡಿದ ಸೋಮಯ್ಯನವರು ಮೂರನೇ ಸಲ ಏನೂ ಹೇಳದೆ ಆ ಸ್ಕೂಟರನ್ನು ಎತ್ತಿ ಕಾಂಪೌಂಡ್ ಗೋಡೆಯ ಮೇಲೆ ಇಟ್ಟರಂತೆ. ಆ ಮನುಷ್ಯ ಅದನ್ನು ಇಳಿಸಲು ನಾಲ್ಕು ಜನರನ್ನು ಕರೆತಂದವರು, ಹಾಗೇ ಅವರ ಕೈಯಲ್ಲಿ ಮನೆ ಸಾಮಾನನ್ನೂ ಇಳಿಸಿಕೊಂಡು ಊರು ಬಿಟ್ಟರಂತೆ. ಈ ಎರಡು ವರ್ಷದಲ್ಲಿ ಸೋಮಯ್ಯನವರು ಮೇಷ್ಟ್ರಿಗೆ ಒಂದು ಗಟ್ಟಿ ಮಾತು ಆಡಿರಲಿಲ್ಲ. ಆದರೂ ಅವರು ಗುಡ್ ಮಾರ್ನಿಂಗ್ ಅಂದರೆ ಸಾಕು, ನಾನೇನು ತಪ್ಪು ಮಾಡಿದೆ ಅಂತ ಮೇಷ್ಟ್ರು ದಿನವಿಡೀ ಯೋಚಿಸುತ್ತಿದ್ದರು.

“ಅವರಿಗೆ ಅರ್ಧ ಕೆಜಿ ಕಮ್ಮಿ ಬರೆದುಬಿಟ್ಟೀರಿ, ಜೋಕೆ” ಅಂದಳು ನರ್ಮದಾ. “ಹಂಸಿನಿ ಈ ವರ್ಷ ಎಸ್ಸೆಸ್ಸೆಲ್ಸಿ. ಈ ಊರಲ್ಲಿ ಖಾಲಿ ಇದ್ದ ರೂಮೆಲ್ಲ ಹೋಮ್‌ಸ್ಟೇ ಆಗಿ ಕೂತಿದೆ. ಇಲ್ಲಿಂದ ಎಬ್ಬಿಸಿದ್ರೆ ನಾವು ಹೋಗೋದೆಲ್ಲಿಗೆ?”

ಭಾನುವಾರ ಬೆಳಿಗ್ಗೆ ಮೇಷ್ಟ್ರು ಸದ್ದಾಗದಂತೆ ಮೆಟ್ಟಿಲಿಳಿದರು. ಅಂಗಳದಲ್ಲಿ ಸೋಮಯ್ಯನವರು ಹಸಿ ಮೊಟ್ಟೆಗಳನ್ನು ಒಂದೊಂದಾಗಿ ಲೋಟಕ್ಕೆ ಒಡೆದು, ಕಾಫಿ ಕುಡಿದ ಹಾಗೆ ಕುಡಿಯುತ್ತಿದ್ದರು. ಐವತ್ಮೂರು ವರ್ಷದ ಮೈ. ಕತ್ತು ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

“ಮೇಷ್ಟ್ರೇ, ನೀವೂ ಅಲ್ಲಿರ್ತೀರಂತೆ.”

“ಬರೀ ಕೂಡಿ ಬರೆಯೋಕೆ” ಅಂದರು ಮೇಷ್ಟ್ರು, ಕ್ಷಮೆ ಕೇಳುವ ದನಿಯಲ್ಲಿ.

“ಒಳ್ಳೇದಾಯ್ತು. ಮನೆಯವರು ಒಬ್ರು ಇದ್ದ ಹಾಗಾಯ್ತು.”

ಆ ‘ಮನೆಯವರು’ ಅನ್ನುವ ಮಾತು ಭವನ ಮುಟ್ಟುವವರೆಗೂ ಮೇಷ್ಟ್ರ ಎದೆಯ ಮೇಲೆ ಕೂತೇ ಬಂತು.

ಭವನದಲ್ಲಿ ಆಗಲೇ ಇನ್ನೂರು ಜನ ಸೇರಿದ್ದರು. ವೇದಿಕೆಯ ಮೇಲೆ ದಪ್ಪ ಹಲಗೆ, ಅದರ ಮೇಲೆ ಕಬ್ಬಿಣದ ಬಾರು, ಪಕ್ಕದಲ್ಲಿ ಬೀಸುವ ಕಲ್ಲಿನಷ್ಟು ದಪ್ಪದ ಪ್ಲೇಟುಗಳು. ಮೂಲೆಯಲ್ಲಿ ಲೋಹಿತ್ ಹೇಳಿದ ಮೇಜು, ಫ್ಯಾನು ಎರಡೂ ನಿಜವಾಗಿಯೂ ಇದ್ದವು. ಮೇಷ್ಟ್ರು ಕೂತು, ಕಾಗದಕ್ಕೆ ಗೆರೆ ಎಳೆದು, ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಲೋಹಿತ್ ಓಡಿ ಬಂದ.

“ಸರ್, ಮೈಸೂರಿಂದ ಬರೋ ರೆಫರಿ ತಿತಿಮತಿ ಹತ್ರ ನಿಂತ್ಬಿಟ್ಟಿದ್ದಾರೆ. ರಸ್ತೆಗೆ ಆನೆ ಬಂದಿದೆಯಂತೆ. ಮರಿ ಬೇರೆ ಇದೆ, ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಮೂರು ರೆಫರಿ ಇಲ್ದೆ ಶುರು ಮಾಡೋ ಹಾಗಿಲ್ಲ. ಬಲಗಡೆ ಕುರ್ಚಿಗೆ ನೀವು ಕೂತ್ಕೊಳ್ಳಿ.”

“ನನಗೆ ಅದರ ಗಂಧಗಾಳಿ ಗೊತ್ತಿಲ್ಲ ಕಣಪ್ಪ.”

“ಇರೋದೇ ಎರಡು ಗುಂಡಿ ಸರ್. ಸರಿಯಾಗಿ ಎತ್ತಿದ್ರೆ ಬಿಳಿ, ತಪ್ಪಿದ್ರೆ ಕೆಂಪು. ಮೂರರಲ್ಲಿ ಎರಡು ಬಿಳಿ ಬಂದ್ರೆ ಪಾಸು. ಪರೀಕ್ಷೆ ಪೇಪರ್ ನೋಡಿದ ಹಾಗೇ.”

ಪಕ್ಕದಲ್ಲಿ ನಿಂತಿದ್ದ ಕಮಲಾ ಮೇಡಂ, ಮೇಷ್ಟ್ರ ಶಾಲೆಯಲ್ಲೇ ಸಮಾಜ ವಿಜ್ಞಾನ ಕಲಿಸುವವರು, ಸುಮ್ಮನೆ ನೋಡಲು ಬಂದಿದ್ದರು. “ಹೋಗಿ ಸಾರ್, ಪಾಪ ಹುಡುಗ ಕೇಳ್ತಿದ್ದಾನೆ. ಲೆಕ್ಕ ನಾನು ಬರೀತೀನಿ” ಅಂದವರೇ ಮೇಷ್ಟ್ರು ಏಳುವ ಮೊದಲೇ ಫ್ಯಾನಿನ ಕೆಳಗೆ ಕೂತುಬಿಟ್ಟರು.

ರೆಫರಿ ಕೋಟು ಹಾಕಲೇಬೇಕಂತೆ. ಯಾರದ್ದೋ ನೀಲಿ ಕೋಟು ಬಂತು. ಅದು ಮೇಷ್ಟ್ರ ಮಂಡಿಯವರೆಗೆ ಇಳಿದು, ತೋಳಿನಲ್ಲಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ನಡುವಿನ ಕುರ್ಚಿಯಲ್ಲಿ ಅವರದೇ ಶಾಲೆಯ ಪಿ.ಟಿ. ಮೇಷ್ಟ್ರು ನಾಗರಾಜು, ಎಡಗಡೆ ಹಿಂದಿನ ದಿನವೇ ಹಾಸನದಿಂದ ಬಂದು ಉಳಿದಿದ್ದ ಅಶ್ವಥ್. ಬಲಗಡೆ, ಬಾರಿಗೆ ಎರಡು ಮಾರು ದೂರದಲ್ಲಿ, ತಿರುಮಲೇಶ್ವರ ಮೇಷ್ಟ್ರು. ಕೈಯಲ್ಲಿ ವೈರು ಕಟ್ಟಿದ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ಎಡಗಡೆಯ ಗುಂಡಿ ಬಿಳಿ, ಬಲಗಡೆಯದು ಕೆಂಪು. ಗುಂಡಿಗಳಿಗೆ ಬಣ್ಣ ಬಳಿದಿರಲಿಲ್ಲ, ಎರಡೂ ಕರಿ. ಅವರವರು ಒತ್ತಿದ ಕೂಡಲೇ ವೇದಿಕೆಯ ಮೇಲಿನ ಅವರವರ ಬಲ್ಬು ಉರಿಯುತ್ತಿತ್ತು. ಯಾರು ಏನು ಕೊಟ್ಟರು ಅನ್ನುವುದು ಇಡೀ ಭವನಕ್ಕೆ ಕಾಣುತ್ತಿತ್ತು.

ಎತ್ತುವ ಬಗೆ ಮೂರು, ಮೂರನ್ನೂ ಕೂಡಿ ಒಟ್ಟು ಹೆಚ್ಚಾದವನು ಗೆದ್ದ ಹಾಗೆ. ಮೊದಲು ಸ್ಕ್ವಾಟ್. ಬಾರನ್ನು ಬೆನ್ನ ಮೇಲೆ ಹೊತ್ತು, ತೊಡೆ ಮಂಡಿಗಿಂತ ಕೆಳಗಾಗುವಂತೆ ಕುಕ್ಕರುಗಾಲಲ್ಲಿ ಇಳಿದು, ಮತ್ತೆ ಎದ್ದು ನಿಲ್ಲಬೇಕು. ಇಳಿದದ್ದು ಸಾಕೋ ಸಾಲದೋ ಅನ್ನುವುದು ಪಕ್ಕದಿಂದ ನೋಡುವ ರೆಫರಿಗೇ ಚೆನ್ನಾಗಿ ಕಾಣುವುದು ಅಂತ ನಾಗರಾಜು ಹೇಳಿಕೊಟ್ಟರು.

ಮೊದಲ ಸ್ಪರ್ಧಿ ಸಣ್ಣ ಸೀಸೆಯಲ್ಲಿದ್ದ ಘಾಟಿನದೇನನ್ನೋ ಮೂಸಿ, ಕೆನ್ನೆಗೆ ತಾನೇ ಎರಡು ಬಿಗಿದುಕೊಂಡು, ಹುಲಿಯ ಹಾಗೆ ಗರ್ಜಿಸುತ್ತ ವೇದಿಕೆಗೆ ನುಗ್ಗಿದ. ಮೇಷ್ಟ್ರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡರು. ಅವನು ಇಳಿದನೋ ಎದ್ದನೋ ಅವರು ನೋಡಿದ್ದರೆ ತಾನೆ. ಬಿಳಿ ಒತ್ತಿದರು. ಎರಡನೆಯವನಿಗೂ ಬಿಳಿ, ಮೂರನೆಯವನಿಗೂ ಬಿಳಿ. ಬಿಳಿ ಕೊಟ್ಟರೆ ಯಾರೂ ಬೈಯುವುದಿಲ್ಲ ಅನ್ನುವುದು ಅವರ ಲೆಕ್ಕ. ನಾಲ್ಕನೆಯವನು ಇಳಿದವನು ಏಳಲಾರದೆ ಅಲ್ಲೇ ಕುಸಿದ. ಸುತ್ತ ನಿಂತಿದ್ದ ಐದು ಜನ ಬಾರು ಹಿಡಿದು ಅವನನ್ನು ಎಳೆದು ತೆಗೆದರು. ಅಷ್ಟು ಹೊತ್ತಿಗೆ ಮೇಷ್ಟ್ರ ಬಿಳಿ ಬಲ್ಬು ಉರಿಯುತ್ತಿತ್ತು. ಭವನವೆಲ್ಲ ಘೊಳ್ ಎಂದಿತು.

“ಬಿದ್ದವನಿಗೂ ಬಿಳಿ ಕೊಟ್ರಲ್ಲ ಸಾರ್” ಅಂತ ನಾಗರಾಜು ಹಲ್ಲು ಕಚ್ಚಿ ಪಿಸುಗುಟ್ಟಿದರು. “ಹೋಗೋದು ನಿಮ್ಮೊಬ್ಬರ ಮರ್ಯಾದೆ ಅಲ್ಲ, ನಮ್ಮ ಸ್ಕೂಲಿನ ಮರ್ಯಾದೆ.”

ಮೇಷ್ಟ್ರಿಗೆ ಅವಮಾನವಾಯಿತು. ಮೂವತ್ತು ವರ್ಷದಲ್ಲಿ ಅವರು ಪೇಪರ್ ತಿದ್ದಿದ್ದನ್ನು ನೋಡಿ ಯಾರೂ ನಕ್ಕಿರಲಿಲ್ಲ. ಕಾಲು ಕೆಳಗಿಟ್ಟು, ಕನ್ನಡಕ ಒರೆಸಿ, ನೋಡತೊಡಗಿದರು. ನೋಡಿದಾಗ ಅದು ಅವರಿಗೆ ಅರ್ಥವಾಗಿಬಿಟ್ಟಿತು. ತೊಡೆ ಒಂದು ಗೆರೆ, ಕಾಲು ಒಂದು ಗೆರೆ, ನಡುವೆ ಒಂದು ಕೋನ. ಇಷ್ಟೇ. ಮುಂದಿನವನು, ವಿರಾಜಪೇಟೆಯ ದಾಂಡಿಗ, ಅರ್ಧಕ್ಕೇ ಇಳಿದು ಎದ್ದ. ಮೇಷ್ಟ್ರು ಕೆಂಪು ಒತ್ತಿದರು. ಒತ್ತಿದ ಮೇಲೆ ಅವನು ತಿರುಗಿ ನೋಡಿದ ನೋಟಕ್ಕೆ, ಕೊನೇ ಸಾಲಿನಲ್ಲಿ ಅವನ ಕಡೆಯವರು ಏಳೆಂಟು ಜನ ಒಟ್ಟಿಗೆ ಎದ್ದು ನಿಂತದ್ದಕ್ಕೆ, ಕಲಿತ ಜ್ಯಾಮಿತಿಯೆಲ್ಲ ಒಂದು ಗಳಿಗೆಯಲ್ಲಿ ಮರೆತು ಮತ್ತೆ ಹತ್ತು ಜನಕ್ಕೆ ಸಾಲಾಗಿ ಬಿಳಿ ಕೊಟ್ಟರು.

ಕೊನೆಗೆ ತೊಂಬತ್ಮೂರು ಕೆಜಿ ತೂಕದವರ ವರ್ಗ. ಅದರಲ್ಲಿ ಸೋಮಯ್ಯನವರು. ವಯಸ್ಸಾದವರಿಗೆ ಬೇರೆ ವರ್ಗವಿದ್ದರೂ ಅವರು ಹುಡುಗರ ಜೊತೆಗೇ ಹೆಸರು ಕೊಟ್ಟಿದ್ದರು. ಅವರಿಗೆ ಸರಿಸಮನಾಗಿ ನಿಂತವನು ಒಬ್ಬನೇ: ಹತ್ತಿರದ ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿರುವ ಮಾರ. ಕಾಫಿ ಮೂಟೆಯನ್ನು ಲಾರಿಗೆ ಹೊರುವುದು ಅವನ ಕೆಲಸ. ಅವನು ಗರ್ಜಿಸಲಿಲ್ಲ, ಮೂಸಲಿಲ್ಲ. ಗೋದಾಮಿನಿಂದ ಮೂಟೆ ಎತ್ತುವ ಹಾಗೆ ನೂರ ತೊಂಬತ್ತೈದು ಕೆಜಿಯನ್ನು ಬೆನ್ನಿಗೇರಿಸಿ, ನೆಲ ಮುಟ್ಟುವಷ್ಟು ಇಳಿದು, ಎದ್ದು, ಬಾರನ್ನು ಮೆಲ್ಲಗೆ ಸ್ಟ್ಯಾಂಡಿಗಿಟ್ಟು ಇಳಿದು ಹೋದ. ಸೋಮಯ್ಯನವರದು ನೂರ ಅರವತ್ತೈದಕ್ಕೆ ನಿಂತಿತು.

ಬಿಡುವಿನಲ್ಲಿ ಕಮಲಾ ಮೇಡಂ ಬೋಂಡ ತಿನ್ನುತ್ತ ಬಂದರು. “ನಿಮ್ಮ ಓನರ್ ಮೂವತ್ತು ಕೆಜಿ ಹಿಂದಿದ್ದಾರೆ ಸಾರ್. ಮುಖ ನೋಡಿದ್ರಾ? ಹೋದ ವರ್ಷ ವಾಲಿಬಾಲ್‌ನಲ್ಲಿ ಸೋತಾಗ ನೆಟ್ಟು ಕಟ್ಟಿದ್ದ ಕಂಬ ಕಿತ್ಕೊಂಡು ಹೋಗಿದ್ರಂತೆ. ನಿಮಗೆ ಬೋಂಡ ಬೇಕಿತ್ತಾ? ಇದೇ ಕೊನೇದು.”

ಮೇಷ್ಟ್ರಿಗೆ ಬೋಂಡ ಬೇಕಿರಲಿಲ್ಲ. ನೀರು ಬೇಕಿತ್ತು. ಹಿತ್ತಿಲ ನಲ್ಲಿಯ ಹತ್ತಿರ ಹೋದರೆ ಅಲ್ಲಿ ಮಾರ ಕೂತು ಯಾರಿಂದಲೋ ತಂದ ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದ. ಮೇಷ್ಟ್ರನ್ನು ಕಂಡು ಎದ್ದು ನಿಂತ.

“ಸೌಮ್ಯನ ಅಪ್ಪ ನಾನು, ಮೇಷ್ಟ್ರೇ. ಎಂಟನೇ ಕ್ಲಾಸು, ನಿಮ್ಮ ಹತ್ರಾನೇ ಓದ್ತಾಳೆ.”

“ಹೌದಾ? ಜಾಣೆ ಅವಳು.”

“ನೀವು ಕೂತಿದ್ದು ನೋಡಿ ಧೈರ್ಯ ಬಂತು. ಇವ್ರು ಅರ್ಧ ಮಾರ್ಕು ಜಾಸ್ತೀನೂ ಕೊಡಲ್ಲ, ಕಮ್ಮೀನೂ ಮಾಡಲ್ಲ ಅಂತ ಅವಳು ಯಾವಾಗ್ಲೂ ಹೇಳ್ತಿರ್ತಾಳೆ.” ಮಾರ ಸ್ವಲ್ಪ ಹೊತ್ತು ಬೂಟನ್ನೇ ನೋಡಿದ. “ಗೆದ್ದವರಿಗೆ ಮಂಗಳೂರಲ್ಲಿ ಸ್ಟೇಟ್ ಲೆವೆಲ್ ಅಂತೆ. ಸಮುದ್ರ ತೋರಿಸ್ತೀನಿ ಅಂತ ಹೇಳಿಟ್ಟಿದ್ದೀನಿ ಅವಳಿಗೆ. ನಾನೂ ನೋಡಿಲ್ಲ.”

ಮೇಷ್ಟ್ರು ನೀರು ಕುಡಿಯದೆ ಹಿಂದಿರುಗಿದರು. ಯಾರಾದರೂ ಹೆದರಿಸಿದ್ದರೆ ಅವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೆದರುವುದು ಅವರಿಗೆ ರೂಢಿಯಿತ್ತು.

ಮಧ್ಯಾಹ್ನ ಬೆಂಚ್ ಪ್ರೆಸ್. ಅಂಗಾತ ಮಲಗಿ ಬಾರನ್ನು ಎದೆಗಿಳಿಸಿ ಮೇಲೆ ದೂಡುವುದು. ಮಾರ ತೊಂಬತ್ತೈದಕ್ಕೆ ನಿಂತ. ಮೂಟೆ ಹೊರುವವರಿಗೆ ಮಲಗಿ ದೂಡುವ ಅಭ್ಯಾಸವಿಲ್ಲ. ಸೋಮಯ್ಯನವರು ನೂರ ಹತ್ತು ದೂಡಿದರು. ಅಂತರ ಹದಿನೈದು ಕೆಜಿಗೆ ಇಳಿಯಿತು. ಕೊನೆಯದು ಡೆಡ್‌ಲಿಫ್ಟ್, ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ಎದ್ದು ನಿಲ್ಲುವುದು. ಅದರಲ್ಲಿ ಜಿಲ್ಲೆಯಲ್ಲೇ ಸೋಮಯ್ಯನವರನ್ನು ಮೀರಿಸಿದವರಿಲ್ಲ ಅಂತ ಪ್ರತೀತಿ.

ಅದು ಶುರುವಾಗುವ ಮೊದಲು ಸೋಮಯ್ಯನವರು ನೇರವಾಗಿ ಬಲಗಡೆಯ ಕುರ್ಚಿಯ ಹತ್ತಿರ ಬಂದರು. ಮೇಷ್ಟ್ರ ಭುಜದ ಮೇಲೆ ಕೈಯಿಟ್ಟರು. ಕುರ್ಚಿಯ ಕಾಲುಗಳು ಕಿರ್ರ್ ಅಂದವು.

“ಮೇಷ್ಟ್ರೇ, ಸರಿಯಾಗಿ ನೋಡ್ಕೊಳ್ಳಿ” ಅಂದು ಹೋದರು.

ನೋಡ್ಕೊಳ್ಳಿ ಅಂದರೆ ಏನು? ನೋಡಿ ಅಂತಲೋ, ನಮ್ಮನ್ನು ನೋಡಿಕೊಳ್ಳಿ ಅಂತಲೋ? ಮೇಷ್ಟ್ರು ಆ ಒಂದು ಮಾತನ್ನು ಹಿಂದೆ ಮುಂದೆ ಮಾಡಿ ಬಿಡಿಸಿದರು. ಹೇಗೆ ಬಿಡಿಸಿದರೂ ಉತ್ತರ ಕಾಂಪೌಂಡ್ ಗೋಡೆಯ ಮೇಲಿನ ಸ್ಕೂಟರೇ ಬರುತ್ತಿತ್ತು. ಈ ಸಲ ಅದರ ಮೇಲೆ ತಾವೂ ಕೂತಿದ್ದರು.

ಡೆಡ್‌ಲಿಫ್ಟಿನಲ್ಲಿ ಒಬ್ಬೊಬ್ಬರಿಗೆ ಮೂರು ಅವಕಾಶ. ಮಾರ ಮೂರನೆಯದರಲ್ಲಿ ನೂರ ತೊಂಬತ್ತು ಎತ್ತಿದ. ಕಮಲಾ ಮೇಡಂ ಮೈಕಿನಲ್ಲಿ ಓದಿದರು: ಮಾರನ ಒಟ್ಟು ನಾನೂರ ಎಂಬತ್ತು. ಸೋಮಯ್ಯನವರು ಎರಡನೆಯದರಲ್ಲಿ ಇನ್ನೂರು ಎತ್ತಿ ನಾನೂರ ಎಪ್ಪತ್ತೈದಕ್ಕೆ ಬಂದಿದ್ದರು. ಉಳಿದದ್ದು ಅವರ ಕೊನೆಯ ಒಂದು ಅವಕಾಶ. ಇನ್ನೂರ ಏಳೂವರೆ ಎತ್ತಿದರೆ ನಾನೂರ ಎಂಬತ್ತೆರಡೂವರೆ, ಗೆಲುವು ಅವರದು. ತಪ್ಪಿದರೆ ಮಾರನದು.

ಪ್ಲೇಟು ಏರಿಸಿದರು. ಸೋಮಯ್ಯನವರು ಕೈಗೆ ಬಿಳಿ ಪುಡಿ ಹಚ್ಚಿಕೊಂಡು ಬಂದು ಬಾರಿನ ಮೇಲೆ ಬಾಗಿದರು. ಬಾರು ಬಿಲ್ಲಿನ ಹಾಗೆ ಬಗ್ಗಿ, ಆಮೇಲೆ ನೆಲ ಬಿಟ್ಟಿತು. ಮಂಡಿ ದಾಟಿತು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ಬೆನ್ನು ನೆಟ್ಟಗಾಯಿತು, ಭುಜ ಹಿಂದಕ್ಕೆ ಹೋಯಿತು. ಅವರು ನಿಂತರು. ನಾಗರಾಜು “ಡೌನ್” ಅಂದರು. ಬಾರು ಕೆಳಗಿಳಿಯಿತು.

ಆದರೆ ಪಕ್ಕದಿಂದ ನೋಡುತ್ತಿದ್ದ ಮೇಷ್ಟ್ರಿಗೆ ಒಂದು ಕಂಡಿತ್ತು. ಎದ್ದು ನಿಂತಾಗ ಮಂಡಿ ಪೂರ್ತಿ ನೆಟ್ಟಗಾಗಬೇಕು. ಸೋಮಯ್ಯನವರ ಬಲ ಮಂಡಿ ನೆಟ್ಟಗಾಗಿರಲಿಲ್ಲ. ನೂರ ಎಂಬತ್ತು ಡಿಗ್ರಿ ಇರಬೇಕಾದ್ದು ಹೆಚ್ಚೆಂದರೆ ನೂರ ಎಪ್ಪತ್ತು. ಬೋರ್ಡಿನ ಮೇಲೆ ಬರೆದು ತೋರಿಸಿದಷ್ಟು ಸ್ಪಷ್ಟವಾಗಿತ್ತು.

ಎದುರಿನಿಂದ ನೋಡುವ ನಾಗರಾಜುಗೆ ಅದು ಕಾಣಲಿಲ್ಲ. ಅವರ ಬಲ್ಬು ಬಿಳಿಯಾಗಿ ಉರಿಯಿತು. ಹಾಸನದ ಅಶ್ವಥ್‌ಗೆ ಕಂಡಿತ್ತು. ಅವರದು ಕೆಂಪು.

ಇನ್ನೂರು ತಲೆಗಳು ಬಲಗಡೆಯ ಕುರ್ಚಿಯ ಕಡೆ ತಿರುಗಿದವು.

ಮೇಷ್ಟ್ರ ಕೈ ಬೆವೆತು ಪೆಟ್ಟಿಗೆ ಮೀನಿನ ಹಾಗೆ ಜಾರುತ್ತಿತ್ತು. ಅದನ್ನು ತೊಡೆಯ ಮೇಲಿಟ್ಟು ಕೋಟಿನ ತೋಳಿಗೆ ಅಂಗೈ ಒರೆಸಿಕೊಂಡರು. ವೇದಿಕೆಯ ಒಂದು ಪಕ್ಕ ಮಾರ ಕೈ ಕಟ್ಟಿಕೊಂಡು ನಿಂತಿದ್ದ, ಅವರನ್ನು ನೋಡದೆ ನೆಲ ನೋಡುತ್ತಿದ್ದ. ಇನ್ನೊಂದು ಪಕ್ಕ ಸೋಮಯ್ಯನವರು ಏದುಸಿರು ಬಿಡುತ್ತ ಅವರನ್ನೇ ನೋಡುತ್ತಿದ್ದರು. ಮೇಷ್ಟ್ರಿಗೆ ನರ್ಮದಾ ನೆನಪಾದಳು, ಮಗಳ ಪುಸ್ತಕದ ಮೇಜು ನೆನಪಾಯಿತು. ಮಾರನ ಮಗಳೂ ನೆನಪಾದಳು. ಅವಳ ಮುಖವನ್ನು ಅವರು ಕಷ್ಟಪಟ್ಟು ಆಚೆ ಸರಿಸಿದರು. ಕ್ಷಮಿಸು ಮಗು, ನಾನು ಇಷ್ಟೇ ಮನುಷ್ಯ, ಅಂತ ಮನಸ್ಸಿನಲ್ಲೇ ಅಂದುಕೊಂಡು, ಕಣ್ಣು ಮುಚ್ಚಿ, ಪೆಟ್ಟಿಗೆ ಎತ್ತಿ ಎಡಗಡೆಯ ಗುಂಡಿಯನ್ನು ಬಲವಾಗಿ ಒತ್ತಿದರು.

ಕಣ್ಣು ಬಿಟ್ಟಾಗ ತಮ್ಮ ಬಲ್ಬು ಕೆಂಪಗೆ ಉರಿಯುತ್ತಿತ್ತು.

ಕೈಯನ್ನು ನೋಡಿಕೊಂಡರು. ವೈರು ಇರಬೇಕಾದ ಕಡೆ ಇರಲಿಲ್ಲ. ಬೆವರು ಒರೆಸುವ ಗಡಿಬಿಡಿಯಲ್ಲಿ ಪೆಟ್ಟಿಗೆಯನ್ನು ತಿರುಗಾಮುರುಗಾ ಹಿಡಿದಿದ್ದರು. ಇನ್ನೊಂದು ಗುಂಡಿಯನ್ನು ಒತ್ತಿದರು. ಮೊದಲು ಒತ್ತಿದ್ದೇ ನಿಲ್ಲುವ ಪೆಟ್ಟಿಗೆ, ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಅಷ್ಟರಲ್ಲಿ ಎಸ್ಟೇಟಿನವರೆಲ್ಲ ವೇದಿಕೆಗೆ ನುಗ್ಗಿ ಮಾರನನ್ನು ಹೆಗಲಿಗೇರಿಸಿದ್ದರು. ಆ ಗಲಾಟೆಯ ನಡುವೆ ಸೋಮಯ್ಯನವರು ಮೇಷ್ಟ್ರನ್ನು ಒಂದು ಕ್ಷಣ ದಿಟ್ಟಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.

“ಭಾರೀ ಧೈರ್ಯ ಸಾರ್ ನಿಮ್ದು” ಅಂತ ನಾಗರಾಜು ಕೈ ಕುಲುಕಿದರು. ಆಮೇಲೆ ದನಿ ತಗ್ಗಿಸಿ, “ಇವತ್ತು ರಾತ್ರಿ ಬೇಕಾದ್ರೆ ನಮ್ಮನೇಲಿ ಮಲಗಿ” ಅಂದರು.

ಮೇಷ್ಟ್ರು ಅಡುಗೆಯವರು ಓಡಾಡುವ ಬಾಗಿಲಿಂದ ಹೊರಬಿದ್ದರು. ನೀಲಿ ಕೋಟು ಬಿಚ್ಚುವುದೂ ಮರೆತುಹೋಗಿತ್ತು. ನೇರ ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿ ಬಳಸಿ, ಎರಡು ಸಲ ಕೆಸರಿಗೆ ಕಾಲು ಹಾಕಿ, ಮನೆಯ ಹಿಂದಿನ ಬೇಲಿ ದಾಟಿ ಮೆಟ್ಟಿಲು ಹತ್ತಿದರು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಕಮಲಾ ಮೇಡಂ ಫೋನು ಮಾಡಿದ್ದರು. ನರ್ಮದಾ ನೆಲದ ಮೇಲೆ ಕೂತು ಸ್ಟೀಲು ಪಾತ್ರೆಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

“ಅವರು ಎಬ್ಬಿಸೋದಕ್ಕಿಂತ ಮೊದಲು ನಾವೇ ಎದ್ದರೆ ಮರ್ಯಾದೆ” ಅಂದಳು. “ಅಲ್ಲಾ, ಅಷ್ಟು ಜನಕ್ಕೆ ಬಿಳಿ ಕೊಟ್ಟೋರಿಗೆ ಇವರೊಬ್ಬರಿಗೆ ಕೊಡೋಕೆ ಏನಾಗಿತ್ತು?”

“ಕೊಟ್ಟೆ ಕಣೇ. ಪೆಟ್ಟಿಗೆ ತಿರುಗಿತ್ತು.”

ಆರು ಗಂಟೆಯ ಹೊತ್ತಿಗೆ ಕೆಳಗಿನ ಮನೆಯ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಮೆಟ್ಟಿಲು ಹದಿನೆಂಟು ಅಂತ ಮೇಷ್ಟ್ರಿಗೆ ಗೊತ್ತಿತ್ತು. ಒಂದೊಂದನ್ನೂ ಎಣಿಸಿದರು. ಹದಿನೇಳಕ್ಕೆ ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು. ಹದಿನೆಂಟಕ್ಕೆ ಬಾಗಿಲು ತುಂಬ ಸೋಮಯ್ಯನವರು ನಿಂತಿದ್ದರು. ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕುರ್ಚಿ ಅಗಲವಾಯಿತು.

ಅವರ ಕಣ್ಣು ರಟ್ಟಿನ ಪೆಟ್ಟಿಗೆಯ ಮೇಲೆ ಬಿತ್ತು. “ಏನಿದು?”

“ಪಾತ್ರೆ ತೊಳೆದಿಟ್ಟೆ” ಅಂದಳು ನರ್ಮದಾ, ಅಡುಗೆಮನೆ ಬಾಗಿಲ ಹಿಂದಿನಿಂದ.

ಸೋಮಯ್ಯನವರು ತಮ್ಮ ಬಲ ಮಂಡಿಯನ್ನು ಸವರಿಕೊಂಡರು.

“ಮೇಷ್ಟ್ರೇ, ಹನ್ನೆರಡು ವರ್ಷದಿಂದ ಈ ಜಿಲ್ಲೇಲಿ ಎತ್ತುತಾ ಇದ್ದೀನಿ. ಇಲ್ಲಿ ಒಬ್ಬನೂ ನನ್ನ ಡೆಡ್‌ಲಿಫ್ಟಿಗೆ ಕೆಂಪು ತೋರಿಸಿಲ್ಲ. ಸ್ಟೇಟಿಗೆ ಹೋದ್ರೆ ಮೂರಕ್ಕೆ ಮೂರೂ ಕೆಂಪು. ಅಲ್ಲಿಯವರು ನಮ್ಮವರನ್ನ ಕಂಡ್ರೆ ಬೇಕಂತಲೇ ಮಾಡ್ತಾರೆ ಅಂತ ಪ್ರತಿಸಲ ಜಗಳ ಮಾಡಿ ಬರ್ತಿದ್ದೆ.” ಜೇಬಿನಿಂದ ಫೋನು ತೆಗೆದರು. “ಇವತ್ತು ಮನೆಗೆ ಬಂದು ಹುಡುಗರು ಪಕ್ಕದಿಂದ ತೆಗೆದ ವಿಡಿಯೋ ಹಾಕಿ ನೋಡಿದೆ. ಹತ್ತು ಸಲ ನೋಡಿದೆ. ಮಂಡಿ ಬಗ್ಗಿದೆ. ಹಳೇ ವಿಡಿಯೋನೂ ನೋಡಿದೆ. ಎಲ್ಲಾದ್ರಲ್ಲೂ ಬಗ್ಗಿದೆ. ಈ ನಾಗರಾಜು, ಲೋಹಿತ್, ಎಲ್ಲ ನನಗೆ ಹೆದರಿ ಹನ್ನೆರಡು ವರ್ಷ ಸುಳ್ಳು ಹೇಳಿದ್ದಾರೆ.”

ಮೇಷ್ಟ್ರು ಏನೋ ಹೇಳಹೊರಟರು, ಸೋಮಯ್ಯನವರು ಕೈ ಎತ್ತಿ ತಡೆದರು.

“ಹಾಸನದವನು ಕೊಟ್ಟದ್ದು ದೊಡ್ಡ ವಿಷಯ ಅಲ್ಲ. ಅವನು ರಾತ್ರಿ ಬಸ್ಸಿಗೆ ಊರಿಗೆ ಹೋಗೋನು. ನೀವು ನನ್ನ ಮನೇಲಿ ಇರೋರು. ನನ್ನ ಮುಖ ನೋಡ್ತಾ ಕೊಟ್ರಿ.” ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. “ಸೈನ್ಯದಲ್ಲೂ ನಿಮ್ಮಂಥೋರನ್ನ ಒಬ್ರನ್ನೋ ಇಬ್ರನ್ನೋ ನೋಡಿದ್ದೀನಿ, ಅಷ್ಟೇ.”

ಮೇಷ್ಟ್ರಿಗೆ ಇದನ್ನು ತಡೆಯಲಾಗಲಿಲ್ಲ. ಬಯ್ಗುಳವಾದರೆ ಸಹಿಸುತ್ತಿದ್ದರು, ತಮ್ಮದಲ್ಲದ ಹೊಗಳಿಕೆ ಮೈಮೇಲೆ ಆ ಕೋಟಿನಷ್ಟೇ ಅಸಹ್ಯವಾಗಿ ತೂಗುತ್ತಿತ್ತು. ಎದ್ದು ನಿಂತು ಕೈ ಮುಗಿದರು.

“ಸೋಮಯ್ಯನವರೇ, ನಿಜ ಹೇಳಿಬಿಡ್ತೀನಿ. ನಾನು ನಿಮಗೆ ಬಿಳೀನೇ ಕೊಡಬೇಕು ಅಂತಿದ್ದೆ. ಮಂಡಿ ಬಗ್ಗಿದ್ದು ಕಂಡಿತ್ತು, ಕಂಡೂ ಕೊಡಬೇಕು ಅಂತಿದ್ದೆ. ಹೆದರಿಕೇಲಿ ಕೈ ಬೆವೆತು ಪೆಟ್ಟಿಗೆ ತಿರುಗಿಹೋಗಿತ್ತು. ನಾನು ಧೈರ್ಯವಂತ ಅಲ್ಲ.”

ಸೋಮಯ್ಯನವರು ಅವರನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಗತೊಡಗಿದರು. ಎದ್ದು ಬಂದು ಮೇಷ್ಟ್ರ ಬೆನ್ನಿಗೆ ಪ್ರೀತಿಯಿಂದ ಒಂದು ತಟ್ಟಿದರು. ಮೇಷ್ಟ್ರು ಎರಡು ಹೆಜ್ಜೆ ಮುಂದೆ ಹೋಗಿ ಗೋಡೆ ಹಿಡಿದುಕೊಂಡರು.

“ಸುಳ್ಳು ಹೇಳೋಕೂ ಬರಲ್ಲ ನಿಮಗೆ. ಸೋತವನಿಗೆ ಬೇಜಾರಾಗಬಾರದು ಅಂತ ಕತೆ ಕಟ್ತೀರಿ. ದೊಡ್ಡ ಮನಸ್ಸು ಅಂದ್ರೆ ಇದೇ.” ಅವರು ಬಾಗಿಲ ಕಡೆ ಹೊರಟವರು ತಿರುಗಿ ನಿಂತರು. “ನಾಳೆಯಿಂದ ಬೆಳಿಗ್ಗೆ ಐದೂವರೆಗೆ ಕೆಳಗೆ ಶೆಡ್ಡಿಗೆ ಬನ್ನಿ. ಮಾರನಿಗೂ ಹೇಳಿದ್ದೀನಿ, ಅವನನ್ನ ಸ್ಟೇಟಿಗೆ ತಯಾರು ಮಾಡಬೇಕು. ನಾವಿಬ್ರೂ ಎತ್ತುತೀವಿ. ತಪ್ಪಿದ್ರೆ ಮುಖಕ್ಕೆ ಹೇಳೋರು ನೀವೊಬ್ರೇ.”

“ನಾನು ಆ ಕಡೆ ದೂರದಲ್ಲಿ ಕೂತು ನೋಡಿದ್ರೆ ಸಾಕಲ್ವಾ?” ಅಂದರು ಮೇಷ್ಟ್ರು, ಗೋಡೆ ಬಿಡದೆ.

“ನೋಡೋದು ಹೇಗೂ ಇದೆ. ಬೆಂಚ್ ಪ್ರೆಸ್ ಮಾಡುವಾಗ ತಲೆ ಹತ್ರ ನಿಲ್ಲೋಕೆ ಒಬ್ರು ಬೇಕು. ಕೈ ಸೋತು ಬಾರು ಎದೆ ಮೇಲೆ ಬೀಳೋಕೆ ಬಂದ್ರೆ ಹಿಡ್ಕೊಳ್ಳೋದು, ಅಷ್ಟೇ. ಲೋಹಿತ್‌ನ ಹುಡುಗರು ನಾನು ಒಂದು ಕೂಗು ಹಾಕಿದ್ರೆ ಬಿಟ್ಟು ಓಡಿಹೋಗ್ತಾರೆ. ನೀವು ಓಡೋರಲ್ಲ.”

“ಅದು ಎಷ್ಟು ಕೆಜಿ ಇರುತ್ತೆ?”

“ನೂರರಿಂದ ಶುರು ಮಾಡೋಣ. ಆಮೇಲೆ ಏರಿಸೋಣ.”

ಹೆಜ್ಜೆಗಳು ಮೆಟ್ಟಿಲಿಳಿದು ಹೋದವು. ನರ್ಮದಾ ಹೊರಗೆ ಬಂದು, ರಟ್ಟಿನ ಪೆಟ್ಟಿಗೆಯಿಂದ ಪಾತ್ರೆಗಳನ್ನು ತೆಗೆದು ಪೇಪರು ಬಿಡಿಸಿ ಅವುಗಳ ಜಾಗದಲ್ಲಿಟ್ಟಳು. ಕೊನೆಯ ಲೋಟವನ್ನೂ ಇಟ್ಟಾದ ಮೇಲೆ ಗಂಡನ ಮೊಬೈಲು ತೆಗೆದುಕೊಂಡು ಐದು ಗಂಟೆಗೆ ಅಲಾರಂ ಇಟ್ಟಳು.

“ಬೇಗ ಊಟ ಮಾಡಿ ಮಲಗಿ” ಅಂದಳು. “ತಟ್ಟೆ ಹಾಕ್ತೀನಿ, ಎರಡು ಮುದ್ದೆ ಜಾಸ್ತಿ ಉಣ್ಣಿ.”